ಕಪ್ಪು ಒಂದರ ಶ್ರುತಿ: ಬ್ಲ್ಯಾಕ್ ಸಬ್ಬತ್ ಮೇಳದ ಕಥೆ

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಇದ್ದರೆ, ಮುಚ್ಚಿದ ಬಾಗಿಲಿನ ಹಿಂದಿನಿಂದ ಬರುವ ಒಂದು ಬಗೆಯ ಸದ್ದು ನಿಮಗೆ ಪರಿಚಿತವಾಗಿರಬೇಕು. ಕಬ್ಬಿಣದ ಅಂಗಡಿಯಲ್ಲಿ ಗುಡುಗು ಸಿಕ್ಕಿಹಾಕಿಕೊಂಡಂತಹ ಸದ್ದು ಅದು. "ಅದನ್ನು ಸ್ವಲ್ಪ ಸಣ್ಣಗೆ ಮಾಡಪ್ಪಾ" ಎಂದು ನೀವು ಕೂಗಿ ಹೇಳಿರುತ್ತೀರಿ. ನಾನೂ ಹೇಳಿದ್ದೇನೆ. ಆ ಸಂಗೀತಕ್ಕೆ ಹೆವಿ ಮೆಟಲ್, ಎಂದರೆ ಭಾರವಾದ ಲೋಹ, ಎಂದು ಹೆಸರು. ಹೆಸರೇ ಇಷ್ಟು ಒರಟಾಗಿರುವಾಗ ಒಳಗೆ ಕಿವಿಗೊಡುವಂತಹದು ಏನಿದ್ದೀತು ಎಂದು ಬಹುಕಾಲ ಅಂದುಕೊಂಡಿದ್ದವನು ನಾನು. ಅದು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂಬುದನ್ನು ತಿಳಿದ ಮೇಲೆ ಆ ಅಸಡ್ಡೆ ಉಳಿಯಲಿಲ್ಲ. ಕೈಯಿಂದ ಎಂಬ ಮಾತನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಈ ಸಂಗೀತಕ್ಕೆ ಅದರ ಭಾರವನ್ನು ಕೊಟ್ಟದ್ದು ನಿಜಕ್ಕೂ ಒಂದು ಕೈ, ಅದರಲ್ಲಿಯೂ ಎರಡು ಬೆರಳುಗಳು.

ಇಂಗ್ಲೆಂಡಿನ ನಡುಭಾಗದಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ಊರಿದೆ. ಗುಂಡುಸೂಜಿಯಿಂದ ಹಿಡಿದು ಮೋಟಾರು ಗಾಡಿಯವರೆಗೆ ಲೋಹದ ಸಾಮಾನುಗಳನ್ನು ಮಾಡಿ ಲೋಕಕ್ಕೆಲ್ಲ ಕಳಿಸುತ್ತಿದ್ದ ಊರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಅದರ ಮೇಲೆ ಸುರಿಸಿದ ಬಾಂಬುಗಳಿಗೆ ಆ ಕಾರ್ಖಾನೆಗಳೇ ಕಾರಣ. ಯುದ್ಧ ಮುಗಿದು ಎಷ್ಟೋ ವರ್ಷಗಳವರೆಗೆ ಊರಿನ ಆಸ್ಟನ್ ಎಂಬ ಬಡಾವಣೆಯ ಮಕ್ಕಳು ಬಿದ್ದ ಮನೆಗಳ ಇಟ್ಟಿಗೆರಾಶಿಗಳ ನಡುವೆಯೇ ಆಡಿ ಬೆಳೆದರು. ನಮ್ಮ ಕಥೆಯ ನಾಲ್ವರೂ ಆ ಬಡಾವಣೆಯ ಸುತ್ತಿನವರೇ. ಗಿಟಾರ್ ನುಡಿಸುವ ಟೋನಿ ಅಯೋಮಿ, ಹಾಡುವ ಓಜಿ ಆಸ್ಬರ್ನ್, ಡ್ರಮ್ಮು ಬಾರಿಸುವ ಬಿಲ್ ವಾರ್ಡ್, ಈ ಮೂವರು ಹುಟ್ಟಿದ್ದು ೧೯೪೮ರಲ್ಲಿ. ಮಂದ್ರದ ಬೇಸ್ ಗಿಟಾರ್ ನುಡಿಸುವ ಗೀಜರ್ ಬಟ್ಲರ್ ಒಂದು ವರ್ಷ ಚಿಕ್ಕವನು. (ನಮ್ಮ ಬಚ್ಚಲುಮನೆಯ ಗೀಜರಿಗೂ ಇವನಿಗೂ ನಂಟಿಲ್ಲ. ಇಂಗ್ಲಿಷರ ಆಡುಮಾತಿನಲ್ಲಿ ಆ ಪದಕ್ಕೆ 'ಆಸಾಮಿ' ಎಂದರ್ಥ.) ಇವರ ಮುಂದಿದ್ದ ದಾರಿ ಒಂದೇ, ಶಾಲೆ ಬಿಟ್ಟು ಕಾರ್ಖಾನೆಯ ಬಾಗಿಲು ಸೇರುವುದು. ಆಸ್ಬರ್ನ್ ಕಸಾಯಿಖಾನೆಯಲ್ಲಿ ಕೆಲಸ ಮಾಡಿದ. ಮೋಟಾರು ಹಾರನ್ನುಗಳ ಸ್ವರ ಸರಿಯಾಗಿದೆಯೇ ಎಂದು ದಿನವಿಡೀ ಅವುಗಳನ್ನು ಕೂಗಿಸಿ ನೋಡುವ ಕೆಲಸ ಮಾಡಿದ. ಒಂದು ಕಳ್ಳತನಕ್ಕೆ ಸಿಕ್ಕಿಬಿದ್ದು, ದಂಡ ಕಟ್ಟಲು ಹಣವಿಲ್ಲದೆ, ಕೆಲವು ವಾರ ಸೆರೆಮನೆಯಲ್ಲಿಯೂ ಇದ್ದು ಬಂದ. ಬಟ್ಲರ್ ಲೆಕ್ಕಪತ್ರದ ಗುಮಾಸ್ತಿಕೆ ಕಲಿಯುತ್ತಿದ್ದ.

ಅಯೋಮಿ ತಗಡಿನ ಕಾರ್ಖಾನೆಯಲ್ಲಿದ್ದ. ಸಂಜೆಯ ಹೊತ್ತು ಗಿಟಾರ್. ಅವನಿಗೆ ಹದಿನೇಳು ವರ್ಷವಾಗಿದ್ದಾಗ ಜರ್ಮನಿಗೆ ಹೊರಟಿದ್ದ ಒಂದು ತಂಡದವರು ಅವನನ್ನು ಕರೆದರು. ಹುಡುಗ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಕೊನೆಯ ದಿನ, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಅತ್ತ ಹೋಗುವುದಿಲ್ಲವೆಂದ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬಾರದೆಂದು ತಾಯಿ ಬುದ್ಧಿ ಹೇಳಿ ಕಳಿಸಿದಳು. ಯಾವ ತಾಯಿಯಾದರೂ ಹೇಳುವ ಮಾತೇ ಅದು. ಆ ದಿನ ಯಾರೋ ಒಬ್ಬರು ಕೆಲಸಕ್ಕೆ ಬಂದಿರಲಿಲ್ಲ. ಅವರ ಯಂತ್ರದ ಮುಂದೆ, ಅದರ ಅಭ್ಯಾಸವಿಲ್ಲದ ಇವನನ್ನು ನಿಲ್ಲಿಸಿದರು. ತಗಡನ್ನು ಒತ್ತುವ ಯಂತ್ರ ಬಲಗೈಯ ಮೇಲೆ ಇಳಿಯಿತು. ಹುಡುಗ ಗಾಬರಿಯಿಂದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ನಡುಬೆರಳು, ಉಂಗುರಬೆರಳು ಎರಡರ ತುದಿಗಳೂ ಹೋದವು.

ಬಲಗೈಗೆ ಪೆಟ್ಟಾದರೆ ಗಿಟಾರ್ ಮೀಟುವುದಕ್ಕೆ ತೊಂದರೆ, ಸ್ವರ ಹಿಡಿಯುವ ಎಡಗೈ ನೆಟ್ಟಗಿದೆಯಲ್ಲ ಎಂದು ನೀವು ಕೇಳಬಹುದು. ಅಯೋಮಿ ಎಡಚ. ಅವನು ಎಡಗೈಯಿಂದ ಮೀಟಿ ಬಲಗೈಯಿಂದ ತಂತಿ ಒತ್ತುವವನು. ವೈಣಿಕನಿಗೆ ಮೆಟ್ಟಿಲುಗಳ ಮೇಲೆ ಓಡಾಡುವ ಬೆರಳುಗಳ ತುದಿ ಹೋದಂತಾಯಿತು.

ವೈದ್ಯರು ವಾದ್ಯವನ್ನು ಮರೆತುಬಿಡು ಎಂದರು. ಮಂಕಾಗಿ ಕುಳಿತಿದ್ದವನನ್ನು ನೋಡಲು ಕಾರ್ಖಾನೆಯ ಮೇಲಧಿಕಾರಿಯೊಬ್ಬ ಒಂದು ಗ್ರಾಮಫೋನ್ ತಟ್ಟೆಯನ್ನು ಹಿಡಿದುಕೊಂಡು ಬಂದ. ಬೇಡವೆಂದರೂ ಕೇಳಿಸಿದ. ಹುಡುಗ ಚೆನ್ನಾಗಿದೆ ಎಂದ ಮೇಲೆ, ನುಡಿಸಿದವನ ಕಥೆ ಹೇಳಿದ. ಅವನು ಜ್ಯಾಂಗೋ ರೈನ್‌ಹಾರ್ಟ್, ಫ್ರಾನ್ಸಿನ ಅಲೆಮಾರಿ ಜನಾಂಗದ ಜಾಜ್ ವಾದಕ. ೧೯೨೮ರಲ್ಲಿ ಅವನ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳು ಸೊರಗಿಹೋದವು. ಉಳಿದ ಎರಡೇ ಬೆರಳುಗಳಲ್ಲಿ ಅವನು ಇಡೀ ಯೂರೋಪು ತಲೆದೂಗುವಂತೆ ನುಡಿಸಿದ. ಆ ಒಂದು ತಟ್ಟೆ ಹುಡುಗನನ್ನು ಎಬ್ಬಿಸಿ ಕೂರಿಸಿತು. ಮನೆಗೆ ಬಂದು ಹೀಗೊಂದು ಧ್ವನಿಮುದ್ರಿಕೆ ಕೇಳಿಸಿ ಹೋದವರ ಹೆಸರು ಸಂಗೀತಚರಿತ್ರೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದಿಲ್ಲ. ಬರಬೇಕಾಗಿತ್ತು.

ಇನ್ನು ಮುಂದಿನದು ಕಸುಬುದಾರನ ಬುದ್ಧಿ. ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಉಂಡೆ ಮಾಡಿದ. ಕಾಯಿಸಿದ ಕಬ್ಬಿಣದ ಮೊನೆಯಿಂದ ಅದರಲ್ಲಿ ಬೆರಳಿನಷ್ಟು ಗುಣಿ ತೋಡಿದ, ಹೊರಮೈಯನ್ನು ಉಜ್ಜಿ ನಯಮಾಡಿದ. ಹೊಲಿಗೆಯವರ ಅಂಗುಸ್ತಾನದಂತಹ ಎರಡು ಟೋಪಿಗಳು ಸಿದ್ಧವಾದವು. ಪ್ಲಾಸ್ಟಿಕ್ಕು ತಂತಿಯ ಮೇಲೆ ಜಾರುತ್ತದೆ. ಅದಕ್ಕಾಗಿ ಹಳೆಯ ತೊಗಲಿನ ಅಂಗಿಯೊಂದನ್ನು ಕತ್ತರಿಸಿ ಚೂರುಗಳನ್ನು ಮೇಲೆ ಅಂಟಿಸಿದ. ಆದರೂ ಎರಡು ತೊಡಕು ಉಳಿದವು. ಟೋಪಿಯೊಳಗಿನ ಬೆರಳಿಗೆ ತಂತಿಯ ಸ್ಪರ್ಶವೇ ತಿಳಿಯದು. ಬಿಗಿದ ತಂತಿಯನ್ನು ಒತ್ತಿದರೆ ಪ್ರಾಣಹೋಗುವ ನೋವು. ಅಂಗಡಿಯಲ್ಲಿ ತೆಳು ತಂತಿಗಳು ದೊರೆಯದ ಕಾಲ ಅದು, ಹೀಗಾಗಿ ಬ್ಯಾಂಜೋ ವಾದ್ಯದ ಸಣ್ಣ ತಂತಿಗಳನ್ನು ತಂದು ಗಿಟಾರಿಗೆ ಕಟ್ಟಿದ. ಅದೂ ಸಾಲದೆ ಕೆಲವು ವರ್ಷಗಳ ನಂತರ ತಂತಿಗಳನ್ನೇ ಸಡಿಲಿಸಿದ. ತಂತಿ ಸಡಿಲಿಸಿದರೆ ಏನಾಗುತ್ತದೆ? ಶ್ರುತಿ ಇಳಿಯುತ್ತದೆ.

ಎಷ್ಟು ಇಳಿಯಿತೆಂದರೆ, ನಿಮ್ಮ ಮನೆಯಲ್ಲಿ ಹಾರ್ಮೋನಿಯಮ್ಮು ಇದ್ದರೆ ಬಿಳಿ ಮೂರನ್ನು ಒತ್ತಿ ನೋಡಿ. ಗಿಟಾರಿನ ದಪ್ಪ ತಂತಿಯನ್ನು ವಾಡಿಕೆಯಲ್ಲಿ ಕೂಡಿಸುವುದು ಆ ಸ್ವರಕ್ಕೆ, ಎರಡು ಸ್ಥಾಯಿ ಕೆಳಗೆ. ಈಗ ಕಪ್ಪು ಒಂದಕ್ಕೆ ಬನ್ನಿ. ಮೂರು ಸ್ವರಸ್ಥಾನ ಕೆಳಗೆ. ೧೯೭೧ರಲ್ಲಿ ಹೊರಬಂದ 'ಮಾಸ್ಟರ್ ಆಫ್ ರಿಯಾಲಿಟಿ' ಎಂಬ ಅವರ ಮೂರನೆಯ ಮುದ್ರಿಕೆಯ ಹಲವು ಹಾಡುಗಳು ಕಪ್ಪು ಒಂದರಲ್ಲಿವೆ. ಸಡಿಲ ತಂತಿ ಬಿಗಿ ತಂತಿಯಂತೆ ಕಣಕಣಿಸುವುದಿಲ್ಲ, ಅದು ಹೊಟ್ಟೆಯಿಂದ ಗುಡುಗುತ್ತದೆ. ಮುಂದೆ ಜಗತ್ತಿನಾದ್ಯಂತ ಸಾವಿರಾರು ಹುಡುಗರು, ಹತ್ತು ಬೆರಳೂ ನೆಟ್ಟಗಿದ್ದವರು, ಆ ಗುಡುಗಿಗಾಗಿಯೇ ತಮ್ಮ ಗಿಟಾರುಗಳ ಶ್ರುತಿ ಇಳಿಸಿಕೊಂಡರು. ಒಬ್ಬನ ನೋವಿಗೆ ಹುಡುಕಿದ ಉಪಾಯ ಒಂದು ಸಂಪ್ರದಾಯಕ್ಕೆ ಲಕ್ಷಣವಾಗಿಬಿಟ್ಟಿತು.

ಇನ್ನೊಂದು ಮಾತು, ನಮ್ಮ ಸಂಗೀತ ಬಲ್ಲವರಿಗೆ ಇದು ಸ್ವಾರಸ್ಯವಾಗಿ ಕಂಡೀತು. ನಾಲ್ಕಾರು ಸ್ವರಗಳನ್ನು ಒಟ್ಟಿಗೆ ಹಿಡಿಯುವ ತೊಡಕಿನ ಹಿಡಿತಗಳು ಅಯೋಮಿಯ ಬೆರಳಿಗೆ ಒಗ್ಗುತ್ತಿರಲಿಲ್ಲ. ಅವನು ಬಹುಪಾಲು ಎರಡೇ ಸ್ವರ ಹಿಡಿದ, ಷಡ್ಜ ಮತ್ತು ಪಂಚಮ. ಗಾಂಧಾರ ಇಲ್ಲ. ಪಾಶ್ಚಾತ್ಯರಿಗೆ ಗಾಂಧಾರವಿಲ್ಲದಿದ್ದರೆ ಅದು ಹರ್ಷವೋ ವಿಷಾದವೋ ತಿಳಿಯದು, ಮನೆಗೆ ಗೋಡೆಯಿದ್ದು ಬಣ್ಣವಿಲ್ಲದಂತೆ. ನಮಗೆ ಮಾತ್ರ ಷಡ್ಜಪಂಚಮಗಳ ಜೋಡಿ ಹುಟ್ಟಿನಿಂದ ಪರಿಚಿತ, ತಂಬೂರಿಯಲ್ಲಿ ಕೇಳುವುದು ಅದೇ ಅಲ್ಲವೆ? ತಂಬೂರಿಯ ಕುದುರೆಯ ಮೇಲೆ ಒಂದು ಎಳೆ ದಾರ ಇಟ್ಟು, ಜೀವಾಳ ಕೂಡಿಸಿ, ನಾದಕ್ಕೆ ಝೇಂಕಾರ ಬರಿಸುತ್ತೇವೆ. ಇವರು ವಿದ್ಯುತ್ ವರ್ಧಕವನ್ನು ಅದರ ಮಿತಿಗಿಂತ ಹೆಚ್ಚು ದುಡಿಸಿ, ನಾದವನ್ನು ಒರಟು ಮಾಡಿ, ಉಪಸ್ವರಗಳನ್ನು ಮೇಲೆಬ್ಬಿಸುತ್ತಾರೆ. ಎರಡರ ಉದ್ದೇಶ ಬೇರೆ, ಭಾವ ಬಹಳ ಬಹಳ ಬೇರೆ. ಆದರೆ ಮುಂದಿನ ಸಲ ಆ ಮುಚ್ಚಿದ ಬಾಗಿಲಿನ ಹಿಂದೆ ಗದ್ದಲ ಕೇಳಿದಾಗ ಅದರ ಅಡಿಯಲ್ಲಿ ಷಡ್ಜಪಂಚಮಗಳನ್ನು ಹುಡುಕಿ ನೋಡಿ, ಸಿಗುತ್ತವೆ.

ತಂಡ ಕಟ್ಟಿದ್ದು ೧೯೬೮ರಲ್ಲಿ. ಮೊದಲು ಪೋಲ್ಕಾ ಟಲ್ಕ್ ಬ್ಲೂಸ್ ಬ್ಯಾಂಡ್ ಎಂಬ ಬಾಯಿತಿರುಗದ ಹೆಸರು, ಆಮೇಲೆ ಅರ್ಥ್, ಎಂದರೆ ಭೂಮಿ. ಅಮೆರಿಕದ ನೀಗ್ರೋ ಜನರ ಬ್ಲೂಸ್ ಹಾಡುಗಳನ್ನು ತಮಗೆ ತಿಳಿದಂತೆ ನುಡಿಸುತ್ತಿದ್ದರು. ಅದೇ ವರ್ಷದ ಕೊನೆಯಲ್ಲಿ ಅಯೋಮಿಗೆ ಜೆತ್ರೋ ಟಲ್ ಎಂಬ ಹೆಸರಾದ ತಂಡದಿಂದ ಕರೆ ಬಂತು. ಹೋದ, ಕೆಲವೇ ವಾರಗಳಲ್ಲಿ ಹಿಂದಿರುಗಿದ. ಅಲ್ಲಿಂದ ತಂದದ್ದು ಒಂದೇ ಪಾಠ, ಅವರು ಬೆಳಗಾಗುತ್ತಲೇ ಕಚೇರಿಗೆ ಹೋಗುವವರಂತೆ ಅಭ್ಯಾಸಕ್ಕೆ ಕೂರುತ್ತಿದ್ದರು. ಅಂದಿನಿಂದ ಇವರಿಗೂ ಬೆಳಗ್ಗೆ ಒಂಬತ್ತಕ್ಕೆ ಸಾಧಕ. ರಾತ್ರಿಯೆಲ್ಲ ಅಲೆಯುವ ಹುಡುಗರನ್ನು ಒಂಬತ್ತಕ್ಕೆ ಎಬ್ಬಿಸುವುದೆಂದರೆ ಸಾಮಾನ್ಯವೇ? ೧೯೬೯ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಟಾರ್ ಕ್ಲಬ್ಬಿನಲ್ಲಿ ದಿನಕ್ಕೆ ಹಲವು ಸುತ್ತು ನುಡಿಸುವ ಕೆಲಸ ಸಿಕ್ಕಿತು. ಹಾಡುಗಳು ಮುಗಿದುಹೋಗುತ್ತಿದ್ದುದರಿಂದ ಒಂದೊಂದನ್ನು ಎಳೆದು ಬೆಳೆಸುವುದನ್ನು ಅಲ್ಲಿ ಕಲಿತರು.

ಅವರು ಅಭ್ಯಾಸ ಮಾಡುತ್ತಿದ್ದ ಜಾಗದ ಎದುರಿಗೆ ಸಿನಿಮಾ ಮಂದಿರವೊಂದಿತ್ತು. ಅಲ್ಲಿ ಬೋರಿಸ್ ಕಾರ್ಲಾಫ್ ನಟಿಸಿದ ೧೯೬೩ರ ಒಂದು ದೆವ್ವದ ಚಿತ್ರ, ಬ್ಲ್ಯಾಕ್ ಸಬ್ಬತ್ ಎಂದು ಹೆಸರು, ಓಡುತ್ತಿತ್ತು. ಹೆದರಿಕೊಳ್ಳುವುದಕ್ಕೆ ಜನ ದುಡ್ಡು ಕೊಟ್ಟು ಸಾಲುಗಟ್ಟಿ ನಿಲ್ಲುತ್ತಾರಲ್ಲ, ಹಾಗಾದರೆ ಹೆದರಿಸುವ ಸಂಗೀತ ಏಕಿರಬಾರದು ಎಂದು ಇವರಿಗೆ ಹೊಳೆಯಿತು. ಅದೇ ಹೊತ್ತಿಗೆ ಬಟ್ಲರ್ ತನ್ನ ಬೇಸಿನ ಮೇಲೆ ಇಂಗ್ಲಿಷ್ ವಾಗ್ಗೇಯಕಾರ ಗುಸ್ತಾವ್ ಹೋಲ್ಸ್ಟರ 'ಗ್ರಹಗಳು' ಕೃತಿಯ ಮಂಗಳಗ್ರಹದ ಭಾಗವನ್ನು ಹುಡುಕಿ ಹುಡುಕಿ ನುಡಿಸುತ್ತಿದ್ದ. ಮರುದಿನ ಅಯೋಮಿ ಮೂರು ಸ್ವರಗಳ ಒಂದು ಪಲ್ಲವಿಯನ್ನು ಹಿಡಿದು ಬಂದ. ಮಂದ್ರದ ಷಡ್ಜ, ಅದರ ಮೇಲಿನ ಷಡ್ಜ, ಅಲ್ಲಿಂದ ಕೆಳಗಿಳಿದು ಪ್ರತಿಮಧ್ಯಮದ ಮೇಲೆ ಒಂದು ಕಂಪನ. ಅಷ್ಟೇ. ಅಂದಹಾಗೆ, ಈ ಹೋಲ್ಸ್ಟರು ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ಇಂಗ್ಲಿಷಿಗೆ ತಂದು ವೃಂದಗಾನಕ್ಕೆ ಅಳವಡಿಸಿದವರು, ನಮ್ಮ ಸಾವಿತ್ರಿಯ ಕಥೆಯನ್ನು ಗೀತನಾಟಕ ಮಾಡಿದವರು. ಸಾವಿತ್ರಿಗೆ ಒಲಿದ ಲೇಖನಿಯಿಂದಲೇ ಇವರ ಯಮರಾಗವೂ ಹೊರಟಿತೆಂದರೆ ತಮಾಷೆಯಲ್ಲವೆ?

ಷಡ್ಜದಿಂದ ಪ್ರತಿಮಧ್ಯಮಕ್ಕೆ ಹಾರುವುದನ್ನು ಯೂರೋಪಿನ ಹಳೆಯ ಶಾಸ್ತ್ರಜ್ಞರು 'ಸಂಗೀತದಲ್ಲಿನ ಸೈತಾನ' ಎಂದು ಕರೆಯುತ್ತಿದ್ದರು. ಇಗರ್ಜಿ ಅದನ್ನು ನಿಷೇಧಿಸಿತ್ತೆಂದು ಹೇಳುವುದು ಬರೀ ಬಣ್ಣ. ರಚನೆಯಲ್ಲಿ ಅದನ್ನು ತಪ್ಪಿಸಬೇಕೆಂಬ ನಿಯಮ ಇದ್ದದ್ದು ಮಾತ್ರ ನಿಜ. ನಮ್ಮಲ್ಲಿ ಅದೇ ಸ್ವರ ಕಲ್ಯಾಣಿಯಲ್ಲಿ ಮಂಗಳಕರ, ಶುಭಪಂತುವರಾಳಿಯಲ್ಲಿ ಕರುಳು ಹಿಂಡುವಂತಹದು. ಕಲ್ಯಾಣಿಯಲ್ಲಿ ಪ್ರತಿಮಧ್ಯಮ ಪಂಚಮಕ್ಕೆ ಏರಿ ವಿಶ್ರಮಿಸುತ್ತದೆ. ಅಯೋಮಿ ಆ ಬಾಗಿಲನ್ನು ಮುಚ್ಚಿಬಿಟ್ಟ. ಸ್ವರ ನಡುದಾರಿಯಲ್ಲಿ ನಿಂತು ನಡುಗುತ್ತದೆ. ಮೊದಲು ಮಳೆಯ ಸದ್ದು, ದೂರದಲ್ಲಿ ಗಂಟೆ, ಅನಂತರ ಈ ಮೂರು ಸ್ವರ, ಅತಿವಿಳಂಬದಲ್ಲಿ. ಹಾಡಿಗೆ ಬ್ಲ್ಯಾಕ್ ಸಬ್ಬತ್ ಎಂದೇ ಹೆಸರಿಟ್ಟರು. ಅರ್ಥ್ ಎಂಬ ಹೆಸರಿನ ಬೇರೊಂದು ತಂಡ ಇದೆಯೆಂದು ತಿಳಿದಾಗ ಮೇಳಕ್ಕೂ ಅದೇ ಹೆಸರಾಯಿತು.

೧೯೬೯ರ ಅಕ್ಟೋಬರ್ ೧೬ರಂದು ಲಂಡನ್ನಿನ ಒಂದು ಧ್ವನಿಮುದ್ರಣ ಶಾಲೆಗೆ ಹೋಗಿ, ಕಚೇರಿ ನಡೆಸುವಂತೆ ಎಲ್ಲರೂ ಒಟ್ಟಿಗೆ ನಿಂತು, ಒಂದೇ ದಿನದಲ್ಲಿ ಮೊದಲ ಮುದ್ರಿಕೆಯನ್ನು ಮುಗಿಸಿದರು. ೧೯೭೦ರ ಫೆಬ್ರವರಿ ೧೩ರಂದು ಅದು ಹೊರಬಂತು. ಶುಕ್ರವಾರ, ಹದಿಮೂರನೆಯ ತಾರೀಖು, ಇಂಗ್ಲಿಷರ ಎಣಿಕೆಯಲ್ಲಿ ಅಪಶಕುನ. ವಿಮರ್ಶಕರು ಹೀಗಳೆದರು. ಜನ ಕೊಂಡುಕೊಂಡರು, ಮುದ್ರಿಕೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೇರಿತು. ನಮ್ಮ ಬಾನುಲಿಯ ಬಂಧುಗಳಿಗೂ ಇದರಲ್ಲಿ ಒಂದು ಪಾಲಿದೆ. ಅದೇ ವರ್ಷ ಬಿಬಿಸಿಯ ಜಾನ್ ಪೀಲ್ ತನ್ನ ಕಾರ್ಯಕ್ರಮದಲ್ಲಿ ಇವರಿಂದ ನುಡಿಸಿದ, ಪತ್ರಿಕೆಗಳು ಮೂಗುಮುರಿದ ಸಂಗೀತ ಅಲೆಗಳ ಮೇಲೆ ಮನೆಮನೆಗೆ ಹೋಯಿತು.

ಸೆಪ್ಟೆಂಬರಿನಲ್ಲಿ ಎರಡನೆಯ ಮುದ್ರಿಕೆ 'ಪ್ಯಾರನಾಯ್ಡ್' ಬಂದು ಮೊದಲ ಸ್ಥಾನಕ್ಕೇ ಏರಿತು. ಹೆಸರಿನ ಹಾಡನ್ನು ಮುದ್ರಿಕೆಯಲ್ಲಿ ಇನ್ನೂ ಕೆಲವು ನಿಮಿಷ ಜಾಗ ಉಳಿದಿದೆಯೆಂದು ಕುಳಿತಲ್ಲೇ ಕಟ್ಟಿದ್ದು. ನನ್ನ ಮಟ್ಟಿಗೆ ಅದರ ತೂಕದ ಹಾಡು ಬೇರೆ, 'ವಾರ್ ಪಿಗ್ಸ್'. ವಿಯೆಟ್ನಾಮಿನ ಯುದ್ಧ ನಡೆಯುತ್ತಿದ್ದ ಕಾಲ. ಬಡವರ ಮಕ್ಕಳನ್ನು ರಣರಂಗಕ್ಕೆ ಕಳಿಸಿ ತಾವು ಬೆಚ್ಚಗೆ ಕುಳಿತ ದಂಡನಾಯಕರೂ ರಾಜಕಾರಣಿಗಳೂ ಕೊನೆಗೆ ದೇವರ ಮುಂದೆ ಮಂಡಿಯೂರುವ ಚಿತ್ರ ಅದರಲ್ಲಿದೆ. ಸಾಹಿತ್ಯ ಬಹುಮಟ್ಟಿಗೆ ಬಟ್ಲರನದು. ಇಟ್ಟಿಗೆರಾಶಿಯ ಮೇಲೆ ಆಡಿದ ಹುಡುಗ ಬರೆದ ಮಾತು ಅದು. ಇವರನ್ನು ಸೈತಾನನ ಪೂಜಾರಿಗಳೆಂದು ಕರೆದವರು ಆ ಹಾಡನ್ನು ಪೂರ್ತಿಯಾಗಿ ಕೇಳಿರಲಾರರು. ನಾಲ್ವರೂ ಕೊರಳಲ್ಲಿ ಶಿಲುಬೆ ಹಾಕಿಕೊಂಡಿದ್ದರು, ಅವನ್ನು ಲೋಹದಲ್ಲಿ ಮಾಡಿಕೊಟ್ಟವನು ಕಾರ್ಖಾನೆಯಲ್ಲಿ ಉಪಕರಣ ತಯಾರಿಸುತ್ತಿದ್ದ ಆಸ್ಬರ್ನನ ತಂದೆ.

ಒಂದೇ ಗುಡುಗನ್ನು ಗುಡುಗುತ್ತ ಉಳಿಯಲಿಲ್ಲ ಇವರು. ೧೯೭೨ರ ನಾಲ್ಕನೆಯ ಮುದ್ರಿಕೆಯಲ್ಲಿ ಪಿಯಾನೋ ಹಿನ್ನೆಲೆಯಲ್ಲಿರುವ 'ಚೇಂಜಸ್' ಎಂಬ ಮೆಲುಹಾಡಿದೆ. ೧೯೭೩ರ 'ಸಬ್ಬತ್ ಬ್ಲಡಿ ಸಬ್ಬತ್' ಬರುವ ಮೊದಲು ಅಯೋಮಿಗೆ ತಿಂಗಳಾನುಗಟ್ಟಲೆ ಒಂದು ಸ್ವರವೂ ಹೊಳೆಯಲಿಲ್ಲ. ಕೊನೆಗೆ ಒಂದು ಹಳೆಯ ಕೋಟೆಮನೆಯನ್ನು ಬಾಡಿಗೆಗೆ ಹಿಡಿದು, ಅದರ ನೆಲಮಾಳಿಗೆಯಲ್ಲಿ ಕುಳಿತಾಗ ಪಲ್ಲವಿ ಬಂತಂತೆ. ೧೯೭೫ರ 'ಸಬಟಾಜ್' ಮುದ್ರಿಕೆಯಲ್ಲಿ ಇಡೀ ಗಾಯಕವೃಂದವನ್ನು ಕರೆತಂದು ಗಿಟಾರಿನ ಜೊತೆ ಹಾಡಿಸಿದರು. ವಾರ್ಡನ ಡ್ರಮ್ಮಿನಲ್ಲಿ ಜಾಜಿನ ತೂಗುನಡೆ ಇದೆ. ಭಾರದ ಅಡಿಯಲ್ಲಿ ಆ ತೂಗಾಟವಿಲ್ಲದಿದ್ದರೆ ಇದು ಬರಿಯ ಕುಟ್ಟಾಣಿಯಾಗುತ್ತಿತ್ತು, ಅನುಕರಣೆ ಮಾಡಿದ ಎಷ್ಟೋ ತಂಡಗಳಲ್ಲಿ ಆದದ್ದು ಅದೇ. ಆದರೆ ಹಣ, ಕುಡಿತ, ಅಮಲುಪದಾರ್ಥ, ಹಳೆಯ ವ್ಯವಸ್ಥಾಪಕರೊಡನೆ ನ್ಯಾಯಾಲಯದ ವ್ಯಾಜ್ಯ ಎಲ್ಲವೂ ಕೂಡಿ ಮೇಳವನ್ನು ಒಳಗಿನಿಂದ ತಿಂದವು. ೧೯೭೬, ೧೯೭೮ರ ಮುದ್ರಿಕೆಗಳಲ್ಲಿ ದಣಿವು ಕೇಳಿಸುತ್ತದೆ. ೧೯೭೯ರಲ್ಲಿ ಆಸ್ಬರ್ನನನ್ನು ಹೊರಗೆ ಕಳಿಸಿದರು.

ಹಾಡುಗಾರ ಹೋದ ಮೇಲೆ ಮೇಳ ಉಳಿದೀತೇ? ಉಳಿಯಿತು, ಮತ್ತು ಬೇರೆಯದಾಯಿತು. ಬಂದವನು ಅಮೆರಿಕದ ರಾನಿ ಜೇಮ್ಸ್ ಡಿಯೊ, ಆಳು ಗಿಡ್ಡ, ಕಂಠ ದೊಡ್ಡದು. ವ್ಯತ್ಯಾಸವನ್ನು ಹೀಗೆ ಹೇಳಬಹುದು. ಆಸ್ಬರ್ನ್ ಅನೇಕ ಹಾಡುಗಳಲ್ಲಿ ಗಿಟಾರು ಹೋದ ದಾರಿಯಲ್ಲೇ, ಅದೇ ಸ್ವರಗಳ ಮೇಲೆ, ಸಾಥಿಯಂತೆ ಹೋಗುತ್ತಾನೆ. ಆ ಧ್ವನಿಯಲ್ಲಿ ಸಂಸ್ಕಾರ ಕಡಿಮೆ, ಆದರೆ ಬೀದಿಯಲ್ಲಿ ನಿಂತು ದೂರು ಹೇಳುವವನ ನಿಜವಿದೆ. ಡಿಯೊ ಗಿಟಾರು ಮಲಗಿದಲ್ಲಿ ಏಳುತ್ತಾನೆ, ಅದು ಎದ್ದಲ್ಲಿ ಮೇಲಿನಿಂದ ಹರಿಯುತ್ತಾನೆ. ಅಯೋಮಿಯ ಮನೋಧರ್ಮಕ್ಕೆ ಹೊಸ ಬಯಲು ಸಿಕ್ಕಿತು. ೧೯೮೦ರ 'ಹೆವನ್ ಅಂಡ್ ಹೆಲ್' ಮುದ್ರಿಕೆಯನ್ನು ಒಮ್ಮೆ ಕೇಳಿ. ಹೆಬ್ಬೆರಳು ಮಡಿಸಿ, ತೋರುಬೆರಳು ಕಿರುಬೆರಳುಗಳನ್ನು ಕೋಡಿನಂತೆ ಎತ್ತುವ ಸನ್ನೆಯನ್ನು ಈಗಿನ ಹುಡುಗರು ಮಾಡುವುದನ್ನು ನೋಡಿರುತ್ತೀರಿ. ಅದನ್ನು ಹರಡಿದವನು ಈ ಡಿಯೊ, ಅವನು ಕಲಿತದ್ದು ಇಟಲಿ ಮೂಲದ ತನ್ನ ಅಜ್ಜಿಯಿಂದ, ಆಕೆ ಮಾಡುತ್ತಿದ್ದದ್ದು ಕೆಟ್ಟ ದೃಷ್ಟಿ ತಾಕದಿರಲೆಂದು. ನಮ್ಮ ಅಜ್ಜಿಯರು ಮೆಣಸಿನಕಾಯಿ ನಿವಾಳಿಸುವುದೂ ಅದಕ್ಕೇ.

ಅಲ್ಲಿಂದ ಮುಂದೆ ಬಂದುಹೋದವರ ಪಟ್ಟಿ ಉದ್ದ, ಎಲ್ಲವನ್ನೂ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ೧೯೮೩ರಲ್ಲಿ ಡೀಪ್ ಪರ್ಪಲ್ ತಂಡದ ಇಯಾನ್ ಗಿಲ್ಲನ್ ಹಾಡಿದ. ಆ ಪ್ರವಾಸಕ್ಕೆ ಸ್ಟೋನ್‌ಹೆಂಜ್ ಎಂಬ ಪುರಾತನ ಶಿಲಾವೃತ್ತದ ಮಾದರಿಯನ್ನು ರಂಗದ ಮೇಲೆ ನಿಲ್ಲಿಸಲು ಹೇಳಿದ್ದರಂತೆ, ಅಡಿಗಳಲ್ಲಿ ಕೊಟ್ಟ ಅಳತೆಯನ್ನು ಮೀಟರುಗಳೆಂದು ತಿಳಿದು ಕಟ್ಟಿದರಂತೆ. ಸಭಾಂಗಣದೊಳಗೆ ಅದು ಹಿಡಿಸಲೇ ಇಲ್ಲ. ೧೯೮೭ರಿಂದ ೧೯೯೫ರವರೆಗಿನ ಐದು ಮುದ್ರಿಕೆಗಳಲ್ಲಿ ಹಾಡಿದವನು ಟೋನಿ ಮಾರ್ಟಿನ್, ಅದೇ ಬರ್ಮಿಂಗ್‌ಹ್ಯಾಮಿನವನು. ಮೊದಲ ನಾಲ್ವರಲ್ಲಿ ಅಯೋಮಿಯೊಬ್ಬನೇ ಉಳಿದಿದ್ದ ವರ್ಷಗಳು ಇವುಗಳಲ್ಲಿ ಹಲವು. ಸಭೆಗಳು ಚಿಕ್ಕದಾದವು, ಪತ್ರಿಕೆಗಳು ಮರೆತವು. ಆದರೂ ೧೯೮೯ರ 'ಹೆಡ್‌ಲೆಸ್ ಕ್ರಾಸ್' ಮುದ್ರಿಕೆಯನ್ನು ಕೇಳಿದರೆ ಮಾರ್ಟಿನನಿಗೆ ಅನ್ಯಾಯವಾಯಿತೆಂದು ನನಗೆ ತೋರುತ್ತದೆ. ಬಹುಕಾಲ ಅಂಗಡಿಯಲ್ಲಿ ಸಿಗದಿದ್ದ ಈ ಕಾಲದ ನಾಲ್ಕು ಮುದ್ರಿಕೆಗಳು ೨೦೨೪ರಲ್ಲಿ ಒಟ್ಟಾಗಿ ಮತ್ತೆ ಹೊರಬಂದವು. ೨೦೦೬ರಲ್ಲಿ ಅಮೆರಿಕದ ರಾಕ್ ಸಂಗೀತದ ಕೀರ್ತಿಭವನಕ್ಕೆ ಮೇಳವನ್ನು ಸೇರಿಸಿಕೊಂಡಾಗ ಮೊದಲ ನಾಲ್ವರ ಹೆಸರು ಮಾತ್ರ ಇತ್ತು. ಡಿಯೊನದೂ ಇರಲಿಲ್ಲ. ಅವನು ೨೦೧೦ರಲ್ಲಿ ತೀರಿಕೊಂಡ.

ಇಷ್ಟು ಹೊತ್ತು ಈ ನಾಲ್ವರನ್ನು ಹುಡುಗರೆಂದು ಏಕವಚನದಲ್ಲಿ ಕರೆದೆ. ಇನ್ನು ಮುಂದಿನ ಕಥೆ ಹಿರಿಯರದು, ಬಹುವಚನ ಸಲ್ಲಬೇಕು. ೧೯೯೭ರ ಡಿಸೆಂಬರಿನಲ್ಲಿ ನಾಲ್ವರೂ ತಮ್ಮ ಊರಿನಲ್ಲಿಯೇ ಮತ್ತೆ ಒಟ್ಟಿಗೆ ನುಡಿಸಿದರು. ೨೦೧೧ರಲ್ಲಿ ಹೊಸ ಮುದ್ರಿಕೆ ಮಾಡುವೆವೆಂದು ಸಾರಿದರು. ಎರಡು ತಿಂಗಳೊಳಗೆ ಅಯೋಮಿಯವರಿಗೆ ಲಿಂಫೋಮಾ ಎಂಬ ಅರ್ಬುದ ರೋಗವಿದೆಯೆಂದು ತಿಳಿಯಿತು. ಚಿಕಿತ್ಸೆಯ ನಡುನಡುವೆಯೇ ಅವರು ಕೆಲಸ ಮುಂದುವರಿಸಿದರು. '೧೩' ಎಂಬ ಆ ಮುದ್ರಿಕೆ ೨೦೧೩ರಲ್ಲಿ ಹೊರಬಂದು, 'ಪ್ಯಾರನಾಯ್ಡ್' ಬಂದ ೪೩ ವರ್ಷಗಳಿಗೆ, ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನ ಪಡೆಯಿತು. ಅಮೆರಿಕದಲ್ಲಿಯೂ ಮೊದಲನೆಯದಾಯಿತು, ಅಲ್ಲಿ ಅದು ಅವರಿಗೆ ಮೊಟ್ಟಮೊದಲ ಸಲ. ಆದರೆ ಅದರಲ್ಲಿ ವಾರ್ಡ್ ಇಲ್ಲ. ಕರಾರಿನ ವಿಷಯದಲ್ಲಿ ಒಪ್ಪಿಗೆಯಾಗದೆ ಅವರು ಹೊರಗುಳಿದರು. ಬದಲಿಗೆ ಬಂದವರು ಸಮರ್ಥರೇ, ಲಯದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆ ತೂಗುನಡೆ ಮಾತ್ರ ಇಲ್ಲ. ಹಾಡು ಕಟ್ಟಿದವರಲ್ಲಿ ಒಬ್ಬರನ್ನು ಬಿಟ್ಟು ಹಾಡಿನ ಕೀರ್ತಿಯನ್ನು ಮೂವರು ಹಂಚಿಕೊಳ್ಳುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ೨೦೧೭ರ ಫೆಬ್ರವರಿ ೪ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಕೊನೆಯ ಕಚೇರಿಯೆಂದು ಸಾರಿ ನುಡಿಸಿದಾಗಲೂ ಡ್ರಮ್ಮಿನ ಪೀಠದಲ್ಲಿ ವಾರ್ಡರಿರಲಿಲ್ಲ.

ಅವರ ಮಾರ್ಗದ ಸಂತಾನ ನಮ್ಮೂರಿಗೂ ಬಂದಿದೆ. ೨೦೦೭ರ ಮಾರ್ಚಿ ೧೭ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್, ೨೦೧೧ರ ಅಕ್ಟೋಬರ್ ೩೦ರಂದು ಅದೇ ಮೈದಾನದಲ್ಲಿ ಮೆಟಾಲಿಕಾ ನುಡಿಸಿದವು. ಆ ದಿನಗಳಲ್ಲಿ ಮೇಖ್ರಿ ವೃತ್ತದ ಕಡೆ ಕಪ್ಪಂಗಿಯ ತರುಣರ ಪ್ರವಾಹವನ್ನು ಕಂಡವರಲ್ಲಿ ನೀವೂ ಇರಬಹುದು. ಕೀರ್ತಿಭವನದ ಸಮಾರಂಭದಲ್ಲಿ ಬ್ಲ್ಯಾಕ್ ಸಬ್ಬತ್ತಿನ ಹಾಡುಗಳನ್ನು ಗುರುಕಾಣಿಕೆಯಾಗಿ ನುಡಿಸಿದ್ದು ಇದೇ ಮೆಟಾಲಿಕಾ.

ಕೊನೆಯದೆಂದು ಸಾರಿದ ಕಚೇರಿಯ ಮೇಲೆ ಇನ್ನೊಂದು ನಡೆಯಿತು. ಆಸ್ಬರ್ನರಿಗೆ ಪಾರ್ಕಿನ್ಸನ್ ಕಾಯಿಲೆಯಿರುವುದು ೨೦೨೦ರಲ್ಲಿ ಲೋಕಕ್ಕೆ ತಿಳಿದಿತ್ತು. ೨೦೨೫ರ ಜುಲೈ ೫ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ಅವರಿಗಾಗಿ ಎಲ್ಲರೂ ಸೇರಿದರು. ಹುಡುಗನಾಗಿದ್ದಾಗ ಪಂದ್ಯದ ದಿನ ಪ್ರೇಕ್ಷಕರ ಕಾರುಗಳನ್ನು ಕಾದು ಚಿಲ್ಲರೆ ಕಾಸು ಸಂಪಾದಿಸುತ್ತಿದ್ದ ಬೀದಿಗಳು ಅಲ್ಲಿಯೇ ಪಕ್ಕದಲ್ಲಿವೆ. ದಿನವಿಡೀ ಶಿಷ್ಯತಂಡಗಳು ನುಡಿಸಿದವು, ಮೆಟಾಲಿಕಾ ಸಹ ಇತ್ತು. ಬಂದ ಹಣವನ್ನು ಪಾರ್ಕಿನ್ಸನ್ ಸಂಶೋಧನೆಗೂ ಮಕ್ಕಳ ಆಸ್ಪತ್ರೆ, ಮಕ್ಕಳ ಶುಶ್ರೂಷಾಲಯಗಳಿಗೂ ಗೊತ್ತುಮಾಡಿದ್ದರು. ರಾತ್ರಿ ಕೊನೆಗೆ ನಾಲ್ವರೂ ಬಂದರು. ವಾರ್ಡರೂ ಬಂದರು, ಇಪ್ಪತ್ತು ವರ್ಷಗಳ ಮೇಲೆ ಮೊದಲ ಸಲ. ಆಸ್ಬರ್ನ್ ನಿಲ್ಲಲಾರದೆ ಸಿಂಹಾಸನದಂತಹ ಪೀಠದಲ್ಲಿ ಕುಳಿತೇ ಹಾಡಿದರು. ನಾಲ್ಕು ಹಾಡು, ಮೊದಲನೆಯದು 'ವಾರ್ ಪಿಗ್ಸ್', ಕೊನೆಯದು 'ಪ್ಯಾರನಾಯ್ಡ್'. ಎಡಪಕ್ಕದಿಂದ ಮೀಟುತ್ತಿದ್ದ ಅಯೋಮಿಯವರ ಬಲಗೈಯಲ್ಲಿ ಅದೇ ಬಗೆಯ ಎರಡು ಟೋಪಿಗಳಿದ್ದವು. ಆ ಹಳೆಯ ತೊಗಲಂಗಿಯ ಚೂರು ಇನ್ನೂ ಸ್ವಲ್ಪ ಉಳಿದಿದೆಯೆಂದು ೨೦೧೧ರ ತಮ್ಮ ಆತ್ಮಕಥೆಯಲ್ಲಿ 
ಅವರು ಬರೆದುಕೊಂಡಿದ್ದರು.

ಹದಿನೇಳು ದಿನಗಳ ಮೇಲೆ, ಜುಲೈ ೨೨ರಂದು, ಆಸ್ಬರ್ನ್ ತೀರಿಕೊಂಡರು. ಅವರಿಗೆ ೭೬ ವರ್ಷ. ೩೦ರಂದು ಶವಯಾತ್ರೆ ಬರ್ಮಿಂಗ್‌ಹ್ಯಾಮಿನ ಬ್ರಾಡ್ ಸ್ಟ್ರೀಟಿನಲ್ಲಿ ಹಾದುಬಂದು, ಕಾಲುವೆಯ ಮೇಲೆ ಮೇಳದ ಹೆಸರನ್ನೇ ಹೊತ್ತ ಸೇತುವೆಯ ಬಳಿ ನಿಂತಿತು. ಜನ ಹೂವಿಟ್ಟಿದ್ದರು. ಮುಂದೆ ನಡೆಯುತ್ತಿದ್ದ ಊರಿನ ಬ್ಯಾಂಡಿನವರು ತುತ್ತೂರಿ ಕಹಳೆಗಳಲ್ಲಿ ನುಡಿಸುತ್ತಿದ್ದುದು ಬ್ಲ್ಯಾಕ್ ಸಬ್ಬತ್ತಿನ ಹಾಡುಗಳನ್ನೇ.